ಹೆಸರು ಮಾರ್ಪಟ್ಟರೂ ಉಳಿದ ಗುರುತು

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕಮಲಾಪುರವಿದೆ. ಅಲ್ಲಿಯ ಕೆಂಪು ಬಾಳೆಹಣ್ಣು ಎಲ್ಲಿ ಮಾರಾಟವಾದರೂ ಊರಿನ ಹೆಸರನ್ನು ಹೊತ್ತೇ ಹೋಗುತ್ತದೆ. ಅದು ಮಣ್ಣು ಹಣ್ಣಿಗೆ ಕೊಟ್ಟ ಗುರುತು.

ಆಟದ ತಂಡಗಳಿಗೂ ಇಂತಹ ಗುರುತುಂಟು. ಜರ್ಮನಿಯ ಗೆಲ್ಸೆನ್‌ಕಿರ್ಷೆನ್ ನಗರದಲ್ಲಿ 1904ರಲ್ಲಿ ಹುಟ್ಟಿದ ಶಾಲ್ಕೆ ಕಾಲ್ಚೆಂಡು ಸಂಘವು ಕಲ್ಲಿದ್ದಲು ಕಾರ್ಮಿಕರ ನಡುವೆ ಬೆಳೆಯಿತು. ಆದುದರಿಂದ ಅದರ ಆಟಗಾರರನ್ನು ಜನರು 'ಗಣಿಗಾರರು' ಎಂದೇ ಕರೆದರು. ಆ ಸೀಮೆಯ ಕೊನೆಯ ಕಲ್ಲಿದ್ದಲ ಗಣಿ 2018ರಲ್ಲಿ ಮುಚ್ಚಿತು. ಆ ಹೆಸರು ಮಾತ್ರ ಅಳಿಯಲಿಲ್ಲ.

ಕಲಬುರಗಿ ಸೀಮೆಯು ಒಮ್ಮೆ ಸೇರಿದ್ದ ರಾಜ್ಯದಲ್ಲಿಯೂ ಅಂತಹ ಒಂದು ತಂಡವಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಡನೆ ಒಂದಾಗುವವರೆಗೆ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದ ಭಾಗಗಳಾಗಿದ್ದವು. ಆ ರಾಜ್ಯದ ರಾಜಧಾನಿಯ ಪೊಲೀಸ್ ಇಲಾಖೆಯವರು ಕಟ್ಟಿದ 'ಹೈದರಾಬಾದ್ ಸಿಟಿ ಪೊಲೀಸ್' ತಂಡವು ಭಾರತದ ಕಾಲ್ಚೆಂಡಿನ ಇತಿಹಾಸದಲ್ಲಿ ಚಿರಸ್ಮರಣೀಯವಾಗಿದೆ.

ಈ ತಂಡವನ್ನು ತಿದ್ದಿ ಬೆಳೆಸಿದವರು ಸೈಯದ್ ಅಬ್ದುಲ್ ರಹೀಮರು. ವೃತ್ತಿಯಿಂದ ಅವರು ಶಾಲಾ ಉಪಾಧ್ಯಾಯರಾಗಿದ್ದರು. ತರಗತಿಯಲ್ಲಿ ಪಾಠ ಹೇಳುವ ಶಿಸ್ತನ್ನೇ ಅವರು ಮೈದಾನಕ್ಕೂ ತಂದರು. ಒಬ್ಬನೇ ಚೆಂಡನ್ನು ಹಿಡಿದಿಟ್ಟುಕೊಂಡು ಮೆರೆಯುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ; ಜೊತೆಗಾರನಿಗೆ ತಡಮಾಡದೆ ಚೆಂಡನ್ನು ದಾಟಿಸುವುದೇ ಆಟದ ಸಾರವೆಂದು ಬೋಧಿಸಿದರು. ಬಲಗಾಲಿನಲ್ಲಿ ಪಳಗಿದವನು ಎಡಗಾಲಿನಿಂದಲೂ ಆಡಲು ಕಲಿಯಬೇಕಾಗಿತ್ತು.

ಈ ಸಾಧನೆ ಬೇಗನೆ ಫಲ ನೀಡಿತು. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ಪನ್ನು ಈ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಗೆದ್ದಿತು. 1950ರಲ್ಲಿ ಕಲಕತ್ತೆಯ ಪ್ರಸಿದ್ಧ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಡ್ಯುರಾಂಡ್ ಕಪ್ಪನ್ನೂ ಪಡೆಯಿತು. ಈ ತಂಡದ ನೂರ್ ಮಹಮ್ಮದ್, ಅಜೀಜುದ್ದೀನ್ ಮೊದಲಾದವರು ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಪರವಾಗಿ ಆಡಿದರು. ರಹೀಮರ ಮಾರ್ಗದರ್ಶನದಲ್ಲಿ ಭಾರತವು 1951 ಮತ್ತು 1962ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದು, 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು.

ಆದರೆ ಕಾಲವು ಯಾರಿಗೂ ಕಾಯುವುದಿಲ್ಲ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ರಾಜ್ಯವು ಮೂರು ಪಾಲಾಯಿತು. ಕನ್ನಡ ಜಿಲ್ಲೆಗಳು ಮೈಸೂರಿಗೂ, ಮರಾಠಿ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೂ, ತೆಲುಗು ಜಿಲ್ಲೆಗಳು ಆಂಧ್ರಪ್ರದೇಶಕ್ಕೂ ಸೇರಿದವು. ತಂಡದ ಹೆಸರೂ ಮುಂದೆ 'ಆಂಧ್ರಪ್ರದೇಶ ಪೊಲೀಸ್' ಎಂದಾಯಿತು. ಹೊಸ ಹೆಸರಿನಲ್ಲಿಯೂ ಅದು 1961ರಲ್ಲಿ ಡ್ಯುರಾಂಡ್ ಕಪ್ಪನ್ನು ಗೆದ್ದಿತು. ಏಕೆಂದರೆ ಹೆಸರು ಬದಲಾಗಿದ್ದರೂ ಅಭ್ಯಾಸ ಬದಲಾಗಿರಲಿಲ್ಲ. 1963ರಲ್ಲಿ ರಹೀಮರು ನಿಧನರಾದರು. ಗುರುವಿಲ್ಲದ ಮೇಲೆ ಹೈದರಾಬಾದಿನ ಕಾಲ್ಚೆಂಡಿನ ವೈಭವವು ಕ್ರಮೇಣ ಕುಗ್ಗಿತು.

ಹೆಸರು ಮಾರ್ಪಟ್ಟಾಗ ಸೋಲದ ತಂಡವು ಗುರುವನ್ನು ಕಳೆದುಕೊಂಡಾಗ ಸೊರಗಿತು. ತಂಡದ ನಿಜವಾದ ಗುರುತು ಎಲ್ಲಿದೆ ಎಂಬುದನ್ನು ಇದರಿಂದ ತಿಳಿಯಬಹುದು. ಅದು ಫಲಕದ ಮೇಲೆ ಬರೆದ ಹೆಸರಿನಲ್ಲಿಲ್ಲ, ಕಪಾಟಿನಲ್ಲಿಟ್ಟ ಕಪ್ಪುಗಳಲ್ಲಿಯೂ ಇಲ್ಲ. ಹಿರಿಯರು ಕಲಿಸಿದುದನ್ನು ಕಿರಿಯರು ಪ್ರತಿದಿನ ಮೈದಾನದಲ್ಲಿ ರೂಢಿಸಿಕೊಳ್ಳುವುದರಲ್ಲಿದೆ. ಕಮಲಾಪುರದ ಬಾಳೆಯೂ ಹೆಸರೊಂದರಿಂದ ಫಲ ಕೊಡುವುದಿಲ್ಲ. ವರ್ಷವರ್ಷವೂ ತೋಟವನ್ನು ನೋಡಿಕೊಳ್ಳುವ ಕೈಗಳು ಬೇಕು.