ಜ್ವರ ಬಿಟ್ಟ ಮೇಲಿನ ಎಚ್ಚರ

ಮಗುವಿಗೆ ಜ್ವರ ಬಂದಾಗ ಮನೆಮಂದಿಯೆಲ್ಲ ಎಚ್ಚರವಾಗಿರುತ್ತಾರೆ. ಜ್ವರ ಬಿಟ್ಟಿತೆಂದರೆ ಆ ಎಚ್ಚರವೂ ಮರೆಯಾಗುತ್ತದೆ. ಇದು ಸಹಜವೇ. ಆದರೆ ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ನಿಜವಾದ ಅಪಾಯವು ಮೊದಲ ಜ್ವರವು ಮಾಯವಾದ ಕೆಲವು ವಾರಗಳ ತರುವಾಯ ತಲೆದೋರುತ್ತದೆ. ಈ ಸಂಗತಿಯನ್ನು ತಾಯಿತಂದೆಯರು ಅರಿತಿರುವುದು ಅಗತ್ಯ.

ವೈರಸ್ಸು ದೇಹವನ್ನು ಹೊಕ್ಕಾಗ ರೋಗನಿರೋಧಕ ಶಕ್ತಿಯು ಅದರೊಡನೆ ಹೋರಾಡಿ ಗೆಲ್ಲುತ್ತದೆ, ಬಳಿಕ ಶಾಂತವಾಗುತ್ತದೆ. ಕೆಲವೊಮ್ಮೆ ಹಾಗಾಗುವುದಿಲ್ಲ. ಕಳ್ಳನು ಓಡಿಹೋದ ಮೇಲೂ ಕಾವಲುಗಾರನು ಮನೆಯವರ ಮೇಲೆಯೇ ದೊಣ್ಣೆ ಬೀಸಿದಂತೆ, ಆ ಶಕ್ತಿಯು ದೇಹದ ಸ್ವಂತ ಅಂಗಗಳನ್ನೇ ಘಾಸಿಗೊಳಿಸುತ್ತದೆ. 2020ರ ಏಪ್ರಿಲ್ ತಿಂಗಳಲ್ಲಿ ಇಂಗ್ಲೆಂಡಿನ ವೈದ್ಯರು ಕೋವಿಡ್ ತಗುಲಿದ ಮಕ್ಕಳಲ್ಲಿ ಇಂತಹ ಕಾಯಿಲೆಯೊಂದನ್ನು ಗುರುತಿಸಿದರು. ಇದಕ್ಕೆ ಮಕ್ಕಳ ಬಹುಅಂಗ ಉರಿಯೂತವೆಂದು ಹೆಸರು. ಸೋಂಕು ತಗುಲಿದ ಎರಡರಿಂದ ಆರು ವಾರಗಳಲ್ಲಿ ಮತ್ತೆ ಜ್ವರ, ಹೊಟ್ಟೆನೋವು, ವಾಂತಿಭೇದಿ, ಮೈಮೇಲೆ ಗಂಧೆ, ಕೆಂಪೇರಿದ ಕಣ್ಣುಗಳು ಕಾಣಿಸಿಕೊಳ್ಳುತ್ತವೆ, ಹೃದಯವೂ ದುರ್ಬಲವಾಗಬಹುದು.

ಈ ಉರಿಯೂತವು ನರಮಂಡಲವನ್ನೂ ಬಿಡುವುದಿಲ್ಲ. ಲಂಡನ್ನಿನ ಮಕ್ಕಳ ಆಸ್ಪತ್ರೆಯೊಂದರಿಂದ 2020ರಲ್ಲಿ ಪ್ರಕಟವಾದ ವರದಿಯಲ್ಲಿ, ಇಂತಹ 27 ಮಕ್ಕಳ ಪೈಕಿ ನಾಲ್ವರಲ್ಲಿ ಮತಿಭ್ರಮಣೆ, ತಲೆನೋವು, ಮಾತಿನ ತೊದಲು, ಸ್ನಾಯುಗಳ ಬಲಹೀನತೆ ಮೊದಲಾದ ಲಕ್ಷಣಗಳಿದ್ದವು. ಮೆದುಳಿನ ಎರಡು ಅರ್ಧಗೋಳಗಳನ್ನು ಸೇತುವೆಯಂತೆ ಕೂಡಿಸುವ ಭಾಗದಲ್ಲಿ ಬದಲಾವಣೆಗಳು ಎಂ.ಆರ್.ಐ. ಚಿತ್ರದಲ್ಲಿ ಕಂಡುಬಂದವು. ಸಮಾಧಾನದ ಸಂಗತಿಯೆಂದರೆ ನಾಲ್ವರ ಸ್ಥಿತಿಯೂ ಸುಧಾರಿಸಿತು.

ಕನ್ನಡನಾಡಿನಲ್ಲಿಯೂ ಇದಕ್ಕೆ ಹತ್ತಿರದ ನಿದರ್ಶನವಿದೆ. 2021ರ ಜೂನ್ ತಿಂಗಳಲ್ಲಿ ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಸಂಸ್ಥೆಯಲ್ಲಿ, ಕೋವಿಡ್ ನಂತರ ಮೆದುಳಿಗೆ ತೀವ್ರ ಹಾನಿಯಾದ ಬಾಲಕನೊಬ್ಬನಿಗೆ ಚಿಕಿತ್ಸೆ ನೀಡಲಾಯಿತು. 'ಅಕ್ಯೂಟ್ ನೆಕ್ರೊಟೈಸಿಂಗ್ ಎನ್ಸೆಫಲೋಪತಿ' ಎಂಬುದು ಆ ಕಾಯಿಲೆಯ ಹೆಸರು. ಕೃತಕ ಉಸಿರಾಟದ ಯಂತ್ರದ ಆಸರೆ ಬೇಕಾಗುವಷ್ಟು ವಿಷಮಿಸಿದ್ದ ಆ ಬಾಲಕ ಚೇತರಿಕೆಯ ಹಾದಿಗೆ ಬಂದನು.

ಕೋವಿಡ್ ನಂತರದ ಈ ಉರಿಯೂತವು ಈಗ ಬಹಳ ವಿರಳವಾಗಿದೆ. ಆದರೆ ಪಾಠವು ಹಳೆಯದಾಗಿಲ್ಲ. ದಡಾರ ಬಂದ ಸಾವಿರ ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಮೆದುಳಿನ ಉರಿಯೂತ ಉಂಟಾಗುತ್ತದೆ. ಗಿಲನ್ ಬಾರೆ ಎಂಬ ಕಾಯಿಲೆಯಲ್ಲಿ, ಸೋಂಕು ಕಳೆದ ಕೆಲವು ದಿನ ಅಥವಾ ವಾರಗಳಲ್ಲಿ ಕಾಲುಗಳಿಂದ ಆರಂಭವಾದ ಬಲಹೀನತೆಯು ಮೇಲಕ್ಕೇರುತ್ತದೆ.

ಹೊರನಾಡಿನ ಕನ್ನಡಿಗರಿಗೆ ಇಲ್ಲೊಂದು ವಿಶೇಷ ತೊಡಕುಂಟು. ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವ ಗೃಹಸ್ಥರೊಬ್ಬರ ಸಂಸಾರವನ್ನು ಊಹಿಸಿಕೊಳ್ಳಬಹುದು. ಬೇಸಿಗೆಯ ರಜೆಯಲ್ಲಿ ಮಗು ಬೀದರಿನ ಅಜ್ಜಿಯ ಮನೆಗೆ ಹೋಗುತ್ತದೆ. ಅಲ್ಲಿ ಮೂರು ದಿನ ಜ್ವರ ಬಂದು ಬಿಡುತ್ತದೆ. ಔಷಧದ ಚೀಟಿ ಅಲ್ಲಿಯೇ ಉಳಿಯುತ್ತದೆ. ಮೂರು ವಾರಗಳ ಮೇಲೆ ಪಟಾನ್‌ಚೆರುವಿನಲ್ಲಿ ಮತ್ತೆ ಜ್ವರ ಏರುತ್ತದೆ. ಇಲ್ಲಿನ ವೈದ್ಯರಿಗೆ ಮೊದಲನೆಯ ಜ್ವರದ ವಿಚಾರವೇ ತಿಳಿಯದು. ಮಗುವಿನೊಡನೆ ಬಂದ ಅಜ್ಜಿ "ಮಗು ಮಂಕಾಗಿದೆ, ಕರೆದರೆ ಓಗೊಡುವುದಿಲ್ಲ" ಎಂದು ಕನ್ನಡದಲ್ಲಿ ಹೇಳಿದ್ದು ತೆಲುಗಿಗೆ ತಿರುಗುವಷ್ಟರಲ್ಲಿ "ಸುಸ್ತಾಗಿದೆ" ಎಂದಷ್ಟೇ ಆಗಬಹುದು. ಸುಸ್ತು ಬೇರೆ, ಪ್ರಜ್ಞೆ ಮಸುಕಾಗುವುದು ಬೇರೆ. ರೋಗನಿರ್ಣಯಕ್ಕೆ ಬೇಕಾದ ಮುಖ್ಯ ಸುಳಿವುಗಳೆರಡೂ ಹೀಗೆ ಕೈತಪ್ಪುತ್ತವೆ.

ಇದಕ್ಕೆ ಪರಿಹಾರ ಸುಲಭ. ಮನೆಯ ಖರ್ಚುವೆಚ್ಚಕ್ಕೆ ಲೆಕ್ಕದ ಪುಸ್ತಕ ಇರುವಂತೆ ಮಕ್ಕಳ ಆರೋಗ್ಯಕ್ಕೂ ಒಂದು ಪುಸ್ತಕವಿರಲಿ. ಜ್ವರ ಬಂದ ತಾರೀಖು, ಬಿಟ್ಟ ತಾರೀಖು, ಕೊಟ್ಟ ಔಷಧ, ಮನೆಯಲ್ಲಿ ಬೇರೆ ಯಾರಿಗಾದರೂ ಸೋಂಕು ಇತ್ತೇ ಎಂಬ ವಿವರ, ಹಾಕಿಸಿದ ಲಸಿಕೆಗಳು, ಇಷ್ಟನ್ನು ಬರೆದಿಟ್ಟರೆ ಸಾಕು. ಊರಿಗೆ ಹೋಗುವಾಗ ಆ ಪುಸ್ತಕವೂ ಮಗುವಿನೊಡನೆ ಹೋಗಬೇಕು.

ಮಗು ಎಚ್ಚರಗೊಳ್ಳದಷ್ಟು ನಿದ್ದೆಯ ಮಂಪರಿನಲ್ಲಿದ್ದರೆ, ಅಸಂಬದ್ಧವಾಗಿ ಮಾತನಾಡಿದರೆ, ಮಾತು ತೊದಲಿದರೆ, ನಡೆಯುವಾಗ ತೂರಾಡಿದರೆ, ಕೈಕಾಲುಗಳಲ್ಲಿ ಬಲಗುಂದಿದರೆ, ಕುತ್ತಿಗೆ ಬಿಗಿದುಕೊಂಡರೆ ಅಥವಾ ಫಿಟ್ಸ್ ಬಂದರೆ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಕರೆ ಮಾಡಿ, ಮಕ್ಕಳ ತುರ್ತು ಚಿಕಿತ್ಸೆಯ ವ್ಯವಸ್ಥೆಯಿರುವ ಆಸ್ಪತ್ರೆಗೆ ಒಯ್ಯಬೇಕು. ಹೈದರಾಬಾದಿನ ನಿಲೋಫರ್ ಆಸ್ಪತ್ರೆಯು ಮಕ್ಕಳ ಚಿಕಿತ್ಸೆಗೆ ಹೆಸರಾದ ಸರ್ಕಾರಿ ಆಸ್ಪತ್ರೆ. ಫಿಟ್ಸ್ ಬಂದ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಬೇಕು. ಬಾಯಿಗೆ ನೀರಾಗಲಿ ಚಮಚವಾಗಲಿ ಹಾಕಕೂಡದು. ಕೈಗೆ ಕಬ್ಬಿಣದ ಬೀಗದಕೈ ಕೊಡುವುದರಿಂದ ಪ್ರಯೋಜನವಿಲ್ಲ. ವೈದ್ಯರ ಸಲಹೆಯಿಲ್ಲದೆ ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಬಾರದು. ಅದರಿಂದ ಮೆದುಳು ಮತ್ತು ಯಕೃತ್ತಿಗೆ ಹಾನಿ ಮಾಡುವ ರೇ ಎಂಬ ಕಾಯಿಲೆ ಬರುವ ಸಂಭವವುಂಟು.

ಬಹುಅಂಗ ಉರಿಯೂತವನ್ನು ತಗ್ಗಿಸಲು ಇಮ್ಯುನೋಗ್ಲಾಬ್ಯುಲಿನ್, ಸ್ಟೀರಾಯ್ಡ್ ಮುಂತಾದ ಔಷಧಗಳಿವೆ. ಚಿಕಿತ್ಸೆ ಬೇಗ ಆರಂಭವಾದಷ್ಟೂ ಒಳಿತು. ದಡಾರದಂತಹ ರೋಗಗಳಿಗೆ ಲಸಿಕೆಯೇ ರಕ್ಷೆ; ಒಂಬತ್ತು ತಿಂಗಳು ತುಂಬಿದ ಮೇಲೆ ಮೊದಲನೆಯದನ್ನೂ, 16ರಿಂದ 24 ತಿಂಗಳೊಳಗೆ ಎರಡನೆಯದನ್ನೂ ತಪ್ಪದೆ ಹಾಕಿಸಬೇಕು.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವಿಲ್ಲವೆಂದು ಹಿರಿಯರು ಹೇಳುತ್ತಾರೆ. ಜ್ವರ ಬಿಟ್ಟ ಮಗು ನಗುತ್ತ ಆಟಕ್ಕೆ ಓಡಿದಾಗ ಹೆದರುತ್ತ ಕೂರಬೇಕಾಗಿಲ್ಲ. ಮುಂದಿನ ಆರು ವಾರಗಳ ಕಾಲ ಅದರ ಮೇಲೊಂದು ಕಣ್ಣಿದ್ದರೆ, ಪುಸ್ತಕದಲ್ಲಿ ಎರಡು ತಾರೀಖುಗಳಿದ್ದರೆ, ಬೇಕಾದ ಹೊತ್ತಿಗೆ ವೈದ್ಯರಿಗೆ ಅವೇ ದಾರಿದೀಪವಾಗುತ್ತವೆ.