ಮೊದಲು ಅಡ್ರಿನಲಿನ್, ಆಮೇಲೆ ಆಂಬುಲೆನ್ಸ್

ಚಳ್ಳಕೆರೆಯಿಂದ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಸುಮಾರು 30 ಕಿಲೋಮೀಟರ್. ಮೊಳಕಾಲ್ಮೂರಿನಿಂದ ಅದರ ದುಪ್ಪಟ್ಟಿಗೂ ಹೆಚ್ಚು. ತೀವ್ರ ಅಲರ್ಜಿಗೆ, ಅಂದರೆ ಅನಾಫಿಲ್ಯಾಕ್ಸಿಸ್‌ಗೆ, ಅಷ್ಟು ಹೊತ್ತು ಕಾಯುವ ವ್ಯವಧಾನವಿಲ್ಲ. ಇದರಿಂದ ಸತ್ತವರ ಕುರಿತು ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಉಸಿರಾಟ ಅಥವಾ ಹೃದಯ ನಿಲ್ಲಲು ಇಂಜೆಕ್ಷನ್‌ನಿಂದಾದರೆ ಸುಮಾರು 5 ನಿಮಿಷ, ಕೀಟದ ಕಡಿತದಿಂದಾದರೆ 15, ಆಹಾರದಿಂದಾದರೆ 30 ನಿಮಿಷ ಹಿಡಿದಿತ್ತು. ಹಾಗಾಗಿ ಜೀವ ಉಳಿಯುವುದು ರೋಗಿ ಮೊದಲು ತಲುಪುವ ಆಸ್ಪತ್ರೆಯಲ್ಲೇ. ಈ ಸೀಮೆಯ ತುರ್ತು ಚಿಕಿತ್ಸಾ ಕೊಠಡಿಯ ಕೆಲಸ ನನಗೆ ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

1. ನಮ್ಮ ಊರಿನ ಕಾರಣಗಳನ್ನು ತಿಳಿದಿರಬೇಕು

ಪಾಶ್ಚಾತ್ಯ ಪಠ್ಯಗಳಲ್ಲಿ ಅಲರ್ಜಿಯ ಮಾತು ಬಂದರೆ ಶೇಂಗಾ ಮುಂದೆ ನಿಲ್ಲುತ್ತದೆ. ನಮ್ಮಲ್ಲಿ ಶೇಂಗಾ ಅಪಾಯ ತರುವುದು ಹೆಚ್ಚಾಗಿ ಹೊಲದ ಕಡೆಯಿಂದ. ಕಳೆ ತೆಗೆಯುವಾಗ, ಗಿಡ ಕೀಳುವಾಗ ಹಾವು ಕಚ್ಚುತ್ತದೆ. ಅದಕ್ಕೆ ಕೊಡುವ ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾದದ್ದು. ಕೆಲವರ ದೇಹ ಅದಕ್ಕೆ ತಿರುಗಿಬೀಳುತ್ತದೆ. ಬಂಡೆಬೆಟ್ಟಗಳ ಹೆಜ್ಜೇನು, ಆ್ಯಂಟಿಬಯಾಟಿಕ್ ಇಂಜೆಕ್ಷನ್, ನೋವಿನ ಸೂಜಿ ಇನ್ನುಳಿದ ಕಾರಣಗಳು. ರೋಗಿ ಬಂದ ಕೂಡಲೇ ಕೇಳಬೇಕಾದ್ದು: ಏನು ಕಚ್ಚಿತು, ಏನು ತಿಂದಿರಿ, ಯಾವ ಸೂಜಿ ಹಾಕಿಸಿಕೊಂಡಿರಿ, ಎಷ್ಟು ಹೊತ್ತಾಯಿತು?

2. ಮೈಮೇಲೆ ಗಂಧೆ ಏಳಲಿ ಎಂದು ಕಾಯಬಾರದು

ಗಂಧೆ, ತುರಿಕೆ, ತುಟಿ ಊತ ಬಹುತೇಕರಲ್ಲಿ ಕಾಣುತ್ತವೆ, ಎಲ್ಲರಲ್ಲೂ ಅಲ್ಲ. ಹೆಜ್ಜೇನು ಕಡಿದ ಮೇಲೆ ಬಿ.ಪಿ. ಕುಸಿದರೆ, ಸೂಜಿ ಹಾಕಿದ ಮೇಲೆ ದನಿ ಒಡೆದು ಗಂಟಲು ಬಿಗಿದರೆ, ಚರ್ಮ ಶುಭ್ರವಾಗಿದ್ದರೂ ಅದು ಅನಾಫಿಲ್ಯಾಕ್ಸಿಸ್ಸೇ. ವಾಂತಿ, ಹೊಟ್ಟೆ ಹಿಂಡುವ ನೋವು, ‘ಏನೋ ಆಗ್ತಿದೆ ಸಾರ್’ ಎಂಬ ಗಾಬರಿಯನ್ನೂ ಹಗುರವಾಗಿ ನೋಡಬಾರದು.

3. ಮೊದಲ ಔಷಧ ಅಡ್ರಿನಲಿನ್, ಜಾಗ ತೊಡೆ

ಅವಿಲ್ ಮತ್ತು ಡೆಕ್ಸಾ ಕೊಟ್ಟು ನೋಡೋಣ ಎಂಬ ರೂಢಿ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅವಿಲ್ ತುರಿಕೆ ತಗ್ಗಿಸುತ್ತದೆ. ಮುಚ್ಚಿಕೊಳ್ಳುತ್ತಿರುವ ಶ್ವಾಸನಾಳವನ್ನು ತೆರೆಯದು, ಕುಸಿದ ಬಿ.ಪಿ.ಯನ್ನು ಏರಿಸದು. ಡೆಕ್ಸಾದಂಥ ಸ್ಟೀರಾಯ್ಡ್ ಕೆಲಸ ಮಾಡಲು ಗಂಟೆಗಳೇ ಬೇಕು. ಶ್ವಾಸನಾಳ ತೆರೆಯುವುದು, ಬಿ.ಪಿ. ಏರಿಸುವುದು, ಎರಡನ್ನೂ ನಿಮಿಷಗಳಲ್ಲಿ ಮಾಡುವುದು ಅಡ್ರಿನಲಿನ್.

ಒಂದು ಎಂ.ಎಲ್.ಗೆ ಒಂದು ಮಿಲಿಗ್ರಾಂ ಇರುವ ಆಂಪೂಲ್‌ನಿಂದ ದೊಡ್ಡವರಿಗೆ 0.5 ಎಂ.ಎಲ್., ತೊಡೆಯ ಮಧ್ಯಭಾಗದ ಹೊರಮಗ್ಗುಲಿನ ಮಾಂಸಖಂಡಕ್ಕೆ. 6ರಿಂದ 12 ವರ್ಷದವರಿಗೆ 0.3, ಅದಕ್ಕಿಂತ ಚಿಕ್ಕ ಮಕ್ಕಳಿಗೆ 0.15, ಆರು ತಿಂಗಳೊಳಗಿನ ಕೂಸಿಗೆ ಇನ್ನೂ ಕಡಿಮೆ. ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೊಮ್ಮೆ. ಇದೇ ಪ್ರಮಾಣವನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯಕ್ಕೇ ಅಪಾಯ. ಆಮೇಲೆ ಆಮ್ಲಜನಕ, ಬಿ.ಪಿ. ಬಿದ್ದಿದ್ದರೆ ವೇಗವಾಗಿ ಸಲೈನ್. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬಿ.ಪಿ. ಮಾತ್ರೆ ನುಂಗುವವರಲ್ಲಿ ಅಡ್ರಿನಲಿನ್ ಸರಿಯಾಗಿ ಹಿಡಿಯದಿರಬಹುದು. ಅಂಥವರಿಗೆ ಗ್ಲುಕಗಾನ್ ಬೇಕಾಗುತ್ತದೆ.

4. ರೋಗಿಯನ್ನು ಎಬ್ಬಿಸಿ ನಡೆಸಬಾರದು

ಮನೆಯವರು ಪ್ರೀತಿಯಿಂದಲೇ ಹೆಗಲು ಕೊಟ್ಟು ನಡೆಸಿಕೊಂಡು ಬರುತ್ತಾರೆ. ಆದರೆ ಈ ಸ್ಥಿತಿಯಲ್ಲಿ ಥಟ್ಟನೆ ಎದ್ದರೆ ಹೃದಯಕ್ಕೆ ಮರಳುವ ರಕ್ತವೇ ನಿಂತುಹೋಗಬಹುದು. ಅಂಗಾತ ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಾಟ ಕಷ್ಟವಾದರೆ ಒರಗಿ ಕೂರಲಿ, ಗರ್ಭಿಣಿಯಾದರೆ ಎಡಮಗ್ಗುಲಿಗೆ. ಬಾಗಿಲಿಗೆ ಸ್ಟ್ರೆಚರ್ ಕಳಿಸುವುದೂ ಚಿಕಿತ್ಸೆಯೇ.

5. ಪ್ರತಿವಿಷದ ಬಾಟಲಿ ಒಡೆಯುವ ಮುನ್ನ ಸಿರಿಂಜ್ ತುಂಬಿರಬೇಕು

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ನಮ್ಮಲ್ಲಿರುವುದು ಒಂದೇ ಪ್ರತಿವಿಷ. ವಿಷವೇರಿದ ಲಕ್ಷಣ ಕಂಡರೆ ಸಾಮಾನ್ಯವಾಗಿ 8ರಿಂದ 10 ವಯಲ್‌ಗಳಿಂದ ಶುರು. ಮಕ್ಕಳಿಗೂ ಅಷ್ಟೇ, ಏಕೆಂದರೆ ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ. ಚರ್ಮದಡಿ ಪರೀಕ್ಷಾ ಡೋಸ್ ಹಾಕಿ ನೋಡುವ ಹಳೆಯ ಪದ್ಧತಿ ಈಗ ಬೇಡ. ಅದು ಯಾರಿಗೆ ತೊಂದರೆಯಾದೀತು ಎಂದು ಹೇಳದು, ಹೊತ್ತು ಮಾತ್ರ ಕಳೆಯುತ್ತದೆ. 2011ರಲ್ಲಿ ಪ್ರಕಟವಾದ ಶ್ರೀಲಂಕಾದ ಅಧ್ಯಯನವೊಂದು, ಪ್ರತಿವಿಷಕ್ಕೆ ಮುಂಚೆ ಚರ್ಮದಡಿ 0.25 ಮಿಲಿಗ್ರಾಂ ಅಡ್ರಿನಲಿನ್ ಕೊಟ್ಟರೆ ತೀವ್ರ ಪ್ರತಿಕ್ರಿಯೆ ಕಡಿಮೆಯಾಗುತ್ತದೆ, ಅವಿಲ್ ಮಾದರಿಯ ಔಷಧ ಅಥವಾ ಸ್ಟೀರಾಯ್ಡ್‌ನಿಂದ ಆ ಲಾಭವಿಲ್ಲ ಎಂದು ತೋರಿಸಿತು.

ಡ್ರಿಪ್ ಶುರುವಾದ ಮೇಲೆ ಹಾಸಿಗೆಯ ಪಕ್ಕದಲ್ಲಿ ಒಬ್ಬರು ನಿಂತೇ ಇರಬೇಕು. ಹೆಚ್ಚಿನ ಪ್ರತಿಕ್ರಿಯೆಗಳು ಮೊದಲ ಒಂದೆರಡು ಗಂಟೆಗಳಲ್ಲೇ ಬರುತ್ತವೆ. ನಡುಕ, ತುರಿಕೆ, ಕೆಮ್ಮು ಕಂಡೊಡನೆ ಡ್ರಿಪ್ ನಿಲ್ಲಿಸಿ, ತೊಡೆಗೆ ಅಡ್ರಿನಲಿನ್ ಕೊಡಬೇಕು. ಅಲರ್ಜಿಯಾಯಿತೆಂದು ಪ್ರತಿವಿಷವನ್ನೇ ಕೈಬಿಡುವಂತಿಲ್ಲ. ಹಾವಿನ ವಿಷ ಇನ್ನೂ ಮೈಯಲ್ಲೇ ಇದೆ. ರೋಗಿ ಸುಧಾರಿಸಿದ ಮೇಲೆ ನಿಧಾನವಾಗಿ ಮತ್ತೆ ಶುರು ಮಾಡಿ ಮುಗಿಸಬೇಕು.

ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ವರದಿಯಲ್ಲಿ ಪ್ರತಿವಿಷದ ಪ್ರತಿಕ್ರಿಯೆಯನ್ನೂ ಬರೆದರೆ ಮುಂದಿನ ರೋಗಿಗೆ ಉಪಕಾರ.

6. ಕಳಿಸುವುದಾದರೆ ಚಿಕಿತ್ಸೆಯೊಂದಿಗೆ ಕಳಿಸಬೇಕು

108ಕ್ಕೆ ಕರೆ ಮಾಡುವುದು ಸರಿ, ಮೊದಲ ಡೋಸ್ ಅದಕ್ಕೂ ಮುಂಚೆ. ಹೊರಡುವಾಗ ಅಡ್ರಿನಲಿನ್ ಆಂಪೂಲ್, ಸಿರಿಂಜ್, ಆಮ್ಲಜನಕ, ಹರಿಯುತ್ತಿರುವ ಸಲೈನ್ ಜೊತೆಗಿರಲಿ. ಕೊಟ್ಟ ಔಷಧ ಮತ್ತು ವೇಳೆ ಚೀಟಿಯಲ್ಲಿರಲಿ.

7. ಸುಧಾರಿಸಿದರೂ ಕೂಡಲೇ ಮನೆಗೆ ಬಿಡಬಾರದು

ಕೆಲವರಲ್ಲಿ ಲಕ್ಷಣಗಳು ಗಂಟೆಗಳ ನಂತರ ಮರಳುತ್ತವೆ. ಅಡ್ರಿನಲಿನ್ ಎರಡು ಸಲ ಬೇಕಾದವರನ್ನು, ಅಸ್ತಮಾ ಇರುವವರನ್ನು, ರಾತ್ರಿ ವಾಹನ ಸಿಗದ ಊರಿನವರನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಕು.

ಬಿಡುವಾಗ ‘ಸೂಜಿ ಆಗಿಬರಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಆಗದಿರುವ ಔಷಧದ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಡಬೇಕು. ಗಡಿಯ ಹಳ್ಳಿಗಳಲ್ಲಿ ಹಲವರ ಮನೆಮಾತು ತೆಲುಗು. ನಾಳೆ ಅವರು ರಾಯದುರ್ಗಕ್ಕೂ ಹೋದಾರು, ಬಳ್ಳಾರಿಗೂ ಹೋದಾರು. ಆ ಚೀಟಿ ಅಲ್ಲಿಯ ವೈದ್ಯರಿಗೂ ಅರ್ಥವಾಗಬೇಕು.

8. ಸೂಜಿ ಹಾಕುವ ಕಡೆಯೆಲ್ಲ ಅಡ್ರಿನಲಿನ್ ಇರಬೇಕು

ಇದು ಅಗ್ಗದ ಔಷಧ. ಬೆಳಕು ತಾಗದಂತೆ ಇಟ್ಟು, ಬಣ್ಣ ತಿರುಗಿದ್ದನ್ನು ಬಿಸಾಡಿ, ಡ್ಯೂಟಿ ಬದಲಾದಾಗಲೆಲ್ಲ ಟ್ರೇ ನೋಡಬೇಕು. ಡೋಸ್‌ನ ಪಟ್ಟಿ ಗೋಡೆಯ ಮೇಲಿರಲಿ, ಬೀರುವಿನ ಬೀಗದ ಕೈ ಯಾರ ಜೇಬಿನಲ್ಲೂ ಊರಿಗೆ ಹೋಗದಿರಲಿ. ತಾಲ್ಲೂಕು ಆಸ್ಪತ್ರೆಯಾಗಲಿ, ಹಳ್ಳಿಯ ಕ್ಲಿನಿಕ್ಕಾಗಲಿ, ಅಡ್ರಿನಲಿನ್ ಇಲ್ಲದ ಜಾಗದಲ್ಲಿ ಯಾರಿಗೂ ಇಂಜೆಕ್ಷನ್ ಕೊಡಬಾರದು.