ಕಾಣದ ವೆಚ್ಚದ ಜಾಡು

ಮನೆಯ ನೀರಿನ ತೊಟ್ಟಿ ಎಂದಿಗಿಂತ ಬೇಗನೆ ಬರಿದಾದರೆ ವಿವೇಕಿಯಾದ ಗೃಹಸ್ಥನು ಕೊಳಾಯಿಗಳನ್ನೆಲ್ಲ ಕಿತ್ತುಹಾಕುವುದಿಲ್ಲ. ನೀರು ಎಲ್ಲಿ ಸೋರುತ್ತಿದೆಯೆಂದು ಒಂದೊಂದನ್ನಾಗಿ ಪರೀಕ್ಷಿಸುತ್ತಾನೆ. ಕಣ್ಣಿಗೆ ಕಾಣದ ರೇಡಿಯೋ ಅಲೆಗಳ ಮೂಲಕ ಸಾಗುವ ಮಾಹಿತಿಯ ವಿಷಯದಲ್ಲಿಯೂ ಇದೇ ಕ್ರಮವು ಯುಕ್ತವಾದುದು. 2015ರಲ್ಲಿ ನಡೆದ ಒಂದು ಪ್ರಸಂಗವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಆ ವರ್ಷದ ಸೆಪ್ಟೆಂಬರ್ 16ರಂದು ಅಮೆರಿಕದ ಆಪಲ್ ಕಂಪನಿಯು ತನ್ನ ಐಫೋನುಗಳಿಗಾಗಿ ಐಓಎಸ್ 9 ಎಂಬ ಹೊಸ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಅದನ್ನು ಅಳವಡಿಸಿಕೊಂಡ ಕೆಲವರು ತಮ್ಮ ಮೊಬೈಲ್ ಡೇಟಾ ಹಿಂದಿಗಿಂತ ವೇಗವಾಗಿ ಮುಗಿಯುತ್ತಿರುವುದನ್ನು ಕಂಡು ಚಕಿತರಾದರು. ಅವರ ದಿನಚರಿ ಬದಲಾಗಿರಲಿಲ್ಲ. ಮನೆಯ ವೈ-ಫೈ ಎಂದಿನಂತೆಯೇ ಇತ್ತು. ತಿಂಗಳಿಗೆ ಇಂತಿಷ್ಟೇ ಡೇಟಾ ಎಂಬ ಕರಾರಿಗೆ ಒಳಪಟ್ಟವರು ಮಿತಿ ಮೀರಿದಾಗ ಹೆಚ್ಚಿನ ಹಣ ತೆರಬೇಕಾಗುತ್ತಿತ್ತು. ಆದುದರಿಂದ ಇದು ಕೇವಲ ಕುತೂಹಲದ ಸಂಗತಿಯಾಗಿರಲಿಲ್ಲ.

ಇದರ ಕಾರಣವೇನು? ಫೋನಿಗೆ ಅಂತರ್ಜಾಲವನ್ನು ತಲುಪಲು ಎರಡು ದಾರಿಗಳುಂಟು: ಒಂದು ಮನೆಯ ವೈ-ಫೈ, ಇನ್ನೊಂದು ಮೊಬೈಲ್ ಗೋಪುರದ ಸಂಕೇತ. ವೈ-ಫೈ ಅಲೆಗಳು ಗೋಡೆಗಳನ್ನು ದಾಟುವಾಗ ಕ್ಷೀಣಿಸುತ್ತವೆ. ಹಿಂದೆ ಫೋನು ದುರ್ಬಲವಾದ ವೈ-ಫೈಯನ್ನೇ ಹಿಡಿದುಕೊಂಡಿರುತ್ತಿದ್ದು, ಪುಟಗಳು ತೆರೆಯದೆ ನಿಂತುಬಿಡುತ್ತಿದ್ದವು. ಈ ತೊಡಕನ್ನು ನಿವಾರಿಸಲು ಹೊಸ ತಂತ್ರಾಂಶದಲ್ಲಿ 'ವೈ-ಫೈ ಅಸಿಸ್ಟ್' ಎಂಬ ಏರ್ಪಾಡನ್ನು ಸೇರಿಸಲಾಗಿತ್ತು. ವೈ-ಫೈ ಸೊರಗಿದೊಡನೆ ಫೋನು ತಾನಾಗಿಯೇ ಮೊಬೈಲ್ ಡೇಟಾವನ್ನು ಬಳಸತೊಡಗುತ್ತಿತ್ತು. ಈ ಏರ್ಪಾಡು ಮೊದಲಿನಿಂದಲೇ ಚಾಲನೆಯಲ್ಲಿರುತ್ತಿತ್ತು. ಅದರ ಸ್ವಿಚ್ಚು ಸೆಟ್ಟಿಂಗುಗಳ ಉದ್ದನೆಯ ಪಟ್ಟಿಯ ತುದಿಯಲ್ಲಿತ್ತು.

ಆದರೂ ತಂತ್ರಾಂಶ ಬಂದ ಮೇಲೆ ಆದುದೆಲ್ಲವೂ ತಂತ್ರಾಂಶದಿಂದಲೇ ಆಯಿತೆಂದು ತೀರ್ಮಾನಿಸುವುದು ದುಡುಕು. ಹೊಸದಾಗಿ ಹಾಕಿಕೊಂಡ ಆ್ಯಪ್ ಆಗಲಿ, ಸ್ಥಳ ಬದಲಾಯಿಸಿದ ರೂಟರ್ ಆಗಲಿ ಕಾರಣವಾಗಿರಬಹುದು. ಆದುದರಿಂದ ಮೊದಲು ಅಳತೆ ಮಾಡಬೇಕು. ಐಫೋನಿನ ಡೇಟಾ ಲೆಕ್ಕವು ತಿಂಗಳು ತಿಂಗಳಿಗೆ ತಾನಾಗಿ ಸೊನ್ನೆಗೆ ಮರಳುವುದಿಲ್ಲ. ಅದನ್ನು ಕೈಯಾರೆ ಸೊನ್ನೆಗೆ ತಂದು, ದಿನಾಂಕವನ್ನು ಬರೆದಿಟ್ಟು, ಕೆಲವು ದಿನ ಎಂದಿನಂತೆ ಬಳಸಿ, ಯಾವ ಆ್ಯಪ್ ಎಷ್ಟು ಡೇಟಾ ಬಳಸಿತೆಂಬುದನ್ನು ನೋಡಬೇಕು. ಬಳಿಕ ವೈ-ಫೈ ಅಸಿಸ್ಟನ್ನು ಮಾತ್ರ ನಿಲ್ಲಿಸಿ ಅಷ್ಟೇ ದಿನ ಮತ್ತೆ ಅಳೆಯಬೇಕು. ವೆಚ್ಚ ಇಳಿದರೆ ಕಾರಣದ ಸುಳಿವು ದೊರೆತಂತೆ. ಇಳಿಯದಿದ್ದರೆ ಮುಂದಿನ ಶಂಕೆಯನ್ನು ಪರೀಕ್ಷಿಸಬೇಕು. ಒಮ್ಮೆಲೇ ಎರಡನ್ನು ಬದಲಿಸಿದರೆ ಯಾವುದರಿಂದ ಗುಣ ಕಂಡಿತೆಂಬುದು ತಿಳಿಯದು. ಇನ್ನೊಂದು ಪರೀಕ್ಷೆಯೂ ಉಂಟು. ಮೊಬೈಲ್ ಡೇಟಾವನ್ನು ಪೂರ್ತಿಯಾಗಿ ನಿಲ್ಲಿಸಿ ಮನೆಯ ಮೂಲೆಯ ಕೋಣೆಯಲ್ಲಿ ಒಂದು ಪುಟವನ್ನು ತೆರೆದು ನೋಡಬೇಕು. ಅಲ್ಲಿ ಮಾತ್ರ ಅದು ತೆರೆಯದಿದ್ದರೆ ವೈ-ಫೈ ಆ ಕೋಣೆಯನ್ನು ಸರಿಯಾಗಿ ತಲುಪುತ್ತಿಲ್ಲವೆಂದು ಊಹಿಸಬಹುದು. ಆಗ ರೂಟರಿನ ಸ್ಥಳವನ್ನು ಬದಲಿಸಿ ನೋಡುವುದು ಮೇಲು.

ಡೇಟಾ ಬಳಕೆಯ ಹೆಚ್ಚಳ ಅಲ್ಪವೆಂದು ಕಂಪನಿಯು 2015ರ ಅಕ್ಟೋಬರಿನಲ್ಲಿ ವಿವರಣೆ ನೀಡಿತು. ಅದೇ ತಿಂಗಳು ಕ್ಯಾಲಿಫೋರ್ನಿಯಾದಲ್ಲಿ ಬಳಕೆದಾರರು ಮೊಕದ್ದಮೆ ಹೂಡಿದರು. 2016ರ ಮಾರ್ಚ್‌ನಲ್ಲಿ ಬಂದ ಐಓಎಸ್ 9.3ರಲ್ಲಿ, ವೈ-ಫೈ ಅಸಿಸ್ಟ್ ಎಷ್ಟು ಡೇಟಾ ಬಳಸಿತೆಂಬುದನ್ನು ತೋರಿಸುವ ವ್ಯವಸ್ಥೆಯೂ ಬಂದಿತು.

ಸೇವಕನು ಸದುದ್ದೇಶದಿಂದಲೇ ಯಜಮಾನನ ಹಣವನ್ನು ವೆಚ್ಚ ಮಾಡಿದರೂ ಲೆಕ್ಕ ಒಪ್ಪಿಸಬೇಕಾದುದು ಧರ್ಮ. ಯಂತ್ರಕ್ಕೂ ಈ ನಿಯಮ ಸಲ್ಲುತ್ತದೆ. ಆ ಲೆಕ್ಕವನ್ನು ಓದಲು ಕಲಿಯುವುದು ಯಜಮಾನನ ಹೊಣೆ.